ನಾಯಕರ ಮೇಲೆ ಎಷ್ಟು ಭರವಸೆ ಇಡಬಹುದು?

ತೀರ್ಥಹಳ್ಳಿಯ ಓದುಗ:
ನಮ್ಮದು ತೀರ್ಥಹಳ್ಳಿ ಬಳಿಯ ಕಥೋಲಿಕ ಕುಟುಂಬ. ಅಡಿಕೆ ತೋಟಕ್ಕೆ ಎಲೆಚುಕ್ಕೆ ರೋಗ ಬಂದಾಗಿನಿಂದ ಅಪ್ಪನ ಬಾಯಲ್ಲಿ ಒಬ್ಬ ನಾಯಕರ ಹೆಸರು ಬಿಟ್ಟರೆ ಬೇರೆ ಮಾತಿಲ್ಲ. ಅವರು ಅಧಿಕಾರಕ್ಕೆ ಬಂದರೆ ಅಡಿಕೆ ದರ, ಬಗರ್‌ಹುಕುಂ ಅರ್ಜಿ, ನಮ್ಮ ಸಮುದಾಯದ ರಕ್ಷಣೆ ಎಲ್ಲವೂ ಸರಿಹೋಗುತ್ತದಂತೆ. ಚಿಕ್ಕಪ್ಪನದು ಎದುರು ಪಕ್ಷ. ಚುನಾವಣೆ ಮುಗಿದರೂ ಇಬ್ಬರೂ ಚರ್ಚಿನಲ್ಲಿ ಭಾನುವಾರದ ಬಲಿಪೂಜೆಯಲ್ಲಿ ಬೇರೆ ಬೇರೆ ಸಾಲಿನಲ್ಲಿ ಕೂರುತ್ತಾರೆ. ಶಾಂತಿ ಕೋರುವ ಹೊತ್ತಿನಲ್ಲಿ ಅಪ್ಪ ಪಕ್ಕದ ಅಪರಿಚಿತರಿಗೆ ಕೈಮುಗಿಯುತ್ತಾರೆ, ಹಿಂದೆಯೇ ಕುಳಿತ ತಮ್ಮನ ಕಡೆ ತಿರುಗುವುದಿಲ್ಲ. ಕ್ರೈಸ್ತರು ನಾಯಕರ ಮೇಲೆ ಎಷ್ಟು ಭರವಸೆ ಇಡಬಹುದು? ರಾಜಕೀಯವೇ ಬೇಡ ಎನ್ನುವ ಉತ್ತರ ನನಗೆ ಬೇಡ.

ಸಾಗರದ ನಿವೃತ್ತ ಶಿಕ್ಷಕಿ:
ರಾಜಕೀಯ ಬೇಡ ಎಂದು ನಾನೂ ಹೇಳುವುದಿಲ್ಲ, ತಮ್ಮಾ. ನನ್ನ ತವರು ಶರಾವತಿ ಮುಳುಗಡೆಯ ಕುಟುಂಬ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು; ಎಷ್ಟೋ ಸಂತ್ರಸ್ತರ ಭೂಮಿಯ ಹಕ್ಕು ಇಂದಿಗೂ ಇತ್ಯರ್ಥವಾಗಿಲ್ಲ. ತಂದೆಯವರ ತಗಡಿನ ಪೆಟ್ಟಿಗೆಯಲ್ಲಿ ಅರ್ಜಿಗಳ ನಕಲುಗಳಿವೆ. ಒಂದೊಂದರ ಮೇಲೂ ಒಬ್ಬೊಬ್ಬ ಸಾಹೇಬರ ಹೆಸರು, ಮಾಸಿದ ನೇರಳೆ ಮೊಹರು.

ಅರಸರನ್ನು ನೆಚ್ಚಬೇಡಿ ಎನ್ನುತ್ತದೆ ಬೈಬಲಿನ 146ನೆಯ ಕೀರ್ತನೆ. ಅವರು ದುಷ್ಟರೆಂಬುದು ಅಲ್ಲಿನ ಕಾರಣವಲ್ಲ. ಉಸಿರು ನಿಂತ ದಿನವೇ ಅವರ ಯೋಜನೆಗಳೂ ಮಣ್ಣುಪಾಲು ಎಂಬುದು ಕಾರಣ. ಒಳ್ಳೆಯವರ ಕಾಲವೂ ಚಿಕ್ಕದು. ನಿಮ್ಮ ಸೀಮೆಯ ಕಡಿದಾಳು ಮಂಜಪ್ಪನವರು ಗೇಣಿದಾರರ ಪರ ದುಡಿದವರು. 1956ರಲ್ಲಿ ಮುಖ್ಯಮಂತ್ರಿಯಾಗಿದ್ದದ್ದು ಮೂರು ತಿಂಗಳಿಗಿಂತ ಕಡಿಮೆ.

ಅದೇ ಕೀರ್ತನೆ ಮುಂದುವರಿದು ದೇವರ ಕೆಲಸಗಳನ್ನು ಹೇಳುತ್ತದೆ: ದಮನಿತರಿಗೆ ನ್ಯಾಯ, ಹಸಿದವರಿಗೆ ಅನ್ನ, ಪರದೇಶಿಗೂ ವಿಧವೆಗೂ ಆಸರೆ. ನಾಯಕರನ್ನು ಅಳೆಯಲು ನನಗೆ ಅಷ್ಟು ಸಾಕು. ಅಪ್ಪನನ್ನು ಕೇಳಿ ನೋಡಿ: ಅವರ ನಾಯಕ ಬಡವನಿಗೆ ಅನ್ಯಾಯ ಮಾಡಿದರೆ ಅದನ್ನು ಅನ್ಯಾಯ ಎನ್ನಲು ಬಾಯಿ ಬರುತ್ತದೆಯೇ? ಬಾರದಿದ್ದರೆ ಅದು ಆರಾಧನೆ. ದಾವೀದ ದೇವರೇ ಆರಿಸಿದ ಅರಸ. ಆದರೂ ಅವನು ತನ್ನ ಸೈನಿಕನ ಹೆಂಡತಿಯನ್ನು ಕಸಿದಾಗ ಪ್ರವಾದಿ ನಾತಾನ ಅವನೆದುರೇ ನಿಂತು, ಬಡವನ ಕುರಿಮರಿ ಕಸಿದ ಶ್ರೀಮಂತನ ಕಥೆ ಹೇಳಿ, 'ಆ ಮನುಷ್ಯ ನೀನೇ' ಎಂದ.

ಶಿವಮೊಗ್ಗದ ಸದಸ್ಯ:
ಕೇಳಲು ಚೆನ್ನಾಗಿದೆ ಟೀಚರ್. ಆದರೆ ನಾವು ಬೆರಳೆಣಿಕೆಯ ಜನ. ಸಮಾಧಿಗೆ ಜಾಗ ಬೇಕೆಂದರೂ ಶಾಸಕರ ಬಾಗಿಲು ತಟ್ಟಬೇಕು. ಒಬ್ಬರಾದರೂ ನಮ್ಮವರು ಎನ್ನುವ ಧೈರ್ಯ ಬೇಡವೇ?

ಸಾಗರದ ನಿವೃತ್ತ ಶಿಕ್ಷಕಿ:
ತಟ್ಟಿ, ಸಂಕೋಚವೇಕೆ? ಸಂತ ಪೌಲರು ರೋಮನ್ ಪೌರತ್ವದ ಹಕ್ಕನ್ನು ಹೇಳಿಕೊಂಡರು, ನ್ಯಾಯಕ್ಕಾಗಿ ಚಕ್ರವರ್ತಿಯವರೆಗೂ ಮೊರೆಹೋದರು. ಆದರೆ ಉದ್ಧಾರಕ ಎಂದು ಅವರು ಕರೆದದ್ದು ಕ್ರಿಸ್ತರನ್ನು, ಚಕ್ರವರ್ತಿಯನ್ನಲ್ಲ. ಸಮಾಧಿಯ ಜಾಗವನ್ನು ಹಕ್ಕೆಂದು ಕೇಳಿ, ಕೃಪೆಯೆಂದು ಬೇಡಬೇಡಿ. ಎಲ್ಲ ಪಕ್ಷಗಳ ವಿಶ್ವಾಸಿಗಳೂ ಆ ಅರ್ಜಿಗೆ ಸಹಿ ಹಾಕಲಿ. ಒಬ್ಬರನ್ನೇ ನೆಚ್ಚಿ ಕುಳಿತರೆ ಅವರು ಸೋತ ಮರುದಿನವೇ ಕಡತ ಮೂಲೆ ಸೇರುತ್ತದೆ. ನಮ್ಮ ತಂದೆಯವರ ವಿಷಯದಲ್ಲಿ ಹಾಗೆಯೇ ಆಯಿತು, ಅದರ ಸಂಕಟ ನನಗೆ ಗೊತ್ತು.

ತೀರ್ಥಹಳ್ಳಿಯ ಓದುಗ:
ನಾತಾನನ ಅಧ್ಯಾಯವನ್ನು ಅಪ್ಪನೊಂದಿಗೆ ಓದುತ್ತೇನೆ. ಆದರೆ ಚಿಕ್ಕಪ್ಪನನ್ನು ಮನೆಗೆ ಕರೆಯುವುದು ಹೇಗೆ?

ಸಾಗರದ ನಿವೃತ್ತ ಶಿಕ್ಷಕಿ:
ತೋಟದ ಕೆಲಸದಿಂದ ಶುರುಮಾಡಿ. ಎಲೆಚುಕ್ಕೆ ಶಿಲೀಂಧ್ರದ ರೋಗ, ಗಾಳಿ ಮಳೆಯಲ್ಲಿ ಹರಡುತ್ತದೆ. ಅಕ್ಕಪಕ್ಕದ ತೋಟಗಳಿಗೆ ಒಟ್ಟಿಗೇ ಔಷಧಿ ಹೊಡೆಯಬೇಕು. ದಿನ ಗೊತ್ತುಮಾಡಿ ಚಿಕ್ಕಪ್ಪನಿಗೆ ನೀವೇ ಹೇಳಿಬನ್ನಿ, ಅಪ್ಪನ ಅಪ್ಪಣೆಗೆ ಕಾಯಬೇಡಿ.