ಅಪ್‌ಡೇಟ್: ಒಂದೇ ಪಾತ್ರೆ, ಒಂದು ಬಟ್ಟೆ ಚೀಲ ಸಾಕಾತು

ಮನ್ಯಾಗ ಬಿಯರ್ ಮಾಡಾಕ ಮೂರು ಪಾತ್ರೆ ಸೆಟ್ ತಗೊಳ್ಲಾ, ಇಲ್ಲಾ ಒಂದೇ ಪಾತ್ರ್ಯಾಗ ಕಾಳು ತುಂಬಿದ ಬಟ್ಟೆ ಚೀಲ ಇಟ್ಟು ಮಾಡ್ಲಾ ಅಂತ ಕೇಳಿದ್ನಲ್ರಿ, ಚೀಲದ್ದೇ ಆರಿಸ್ಕೊಂಡೆ. ಲೈಸೆನ್ಸ್ ಇಲ್ದೆ ಮನ್ಯಾಗ ಬಿಯರ್ ಮಾಡಂಗಿಲ್ಲ ಅಂದ್ರಿ, ಅದಕ್ಕ ಮದ್ಯ ಆಗೋಹಂಗ ಹುಳಿ ಬರಸೋ ಈಸ್ಟ್ ಹಾಕಿಲ್ಲ, ಬರೀ ಬಾರ್ಲಿ ಮಾಲ್ಟ್ (ಮೊಳಕೆ ಬರಸಿ ಒಣಗಿಸಿದ ಬಾರ್ಲಿ) ಪಾನೀಯ. 20 ಲೀಟರ್ ಸ್ಟೀಲ್ ಪಾತ್ರೆ ಇಲ್ಲೇ ಬಳ್ಳಾರ್ಯಾಗ ಸಿಕ್ತು. ಮಾಲ್ಟ್ ಕಾಳು ರವೆ ಹಂಗ ಒಡಸಿ ಚೀಲದಾಗ ಹಾಕಿ 66 ಡಿಗ್ರಿ ನೀರಾಗ ಒಂದು ತಾಸು ಮುಚ್ಚಿಟ್ಟೆ, ಬೆಳ್ಳಗಿದ್ದ ನೀರು ತಿಳಿ ಕಂದಾಗಿ ಬೆರಳಿಗೆ ಅಂಟೋವಷ್ಟು ಸಿಹಿ ಆತು, ತಟ್ಟ್ಯಾಗ ಒಂದು ಹನಿ ತಗೊಂಡು ಅಯೋಡಿನ್ ಬಿಟ್ರೂ ನೀಲಿ ತಿರುಗ್ಲಿಲ್ಲ, ಅಂದ್ರ ಪಿಷ್ಟ ಎಲ್ಲಾ ಸಕ್ಕರೆ ಆಗೈತಿ. ಹೊಸಬ್ರು ಮೊದ್ಲು ಒಳ್ಳೆ ಥರ್ಮಾಮೀಟರ್ ತಗೋರಿ, ಪಂಪು ನಲ್ಲಿ ಎಲ್ಲಾ ಆಮೇಲೆ, ಯಾಕಂದ್ರ ಬಿಸಿ ಜಾಸ್ತಿ ಆದ್ರ ಪಿಷ್ಟಾನ ಸಕ್ಕರೆ ಮಾಡೋ ಮಾಲ್ಟಿನ ಎಂಜೈಮ್ ಕೆಲಸಾನೇ ನಿಲ್ಲಿಸ್ತಾವು. ಮುಂದಿನ ಸಲ ನಮ್ಮ ಬಿಳಿಜೋಳ, ಅದರ ಪಿಷ್ಟಕ್ಕ ಹೆಚ್ಚು ಬಿಸಿ ಬೇಕು, ಮೊದ್ಲು ಗಂಜಿ ಕಾಸಿ ಆರಿಸಿ ಆಮೇಲೆ ಬಾರ್ಲಿ ಮಾಲ್ಟ್ ಸೇರಸ್ತೀನಿ.