ವೆಬ್‌ಸೈಟ್ ಇದೆ, ಗೂಗಲ್‌ನಲ್ಲಿ ಕಾಣ್ತಿಲ್ಲ: ಯಾಣದ ದಾರಿಯ ಹೋಂಸ್ಟೇಯವರ ಪ್ರಶ್ನೆ, ಗುಂಪಿನ ಉತ್ತರ

ಪ್ರಶ್ನೆ (ಹೋಂಸ್ಟೇ ನಡೆಸುವವರು, ಶಿರಸಿ ತಾಲೂಕು):
ನಮಸ್ಕಾರ. ಯಾಣಕ್ಕೆ ಹೋಗುವ ದಾರಿಯಲ್ಲಿ ನಮ್ಮದು ನಾಲ್ಕು ಕೋಣೆಯ ಹೋಂಸ್ಟೇ. ಜೊತೆಗೆ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಕಾಳುಮೆಣಸು ಕೊರಿಯರ್ ಮಾಡ್ತೇವೆ. ವೆಬ್‌ಸೈಟ್ ಮಾಡಿಸಿ ಎಂಟು ತಿಂಗಳಾಯ್ತು. ನಮ್ಮ ಹೆಸರೇ ಹೊಡೆದರೆ ಬರ್ತದೆ. "ಯಾಣ ಹೋಂಸ್ಟೇ" ಅಂತ ಹೊಡೆದರೆ ದೊಡ್ಡ ಬುಕಿಂಗ್ ಸೈಟುಗಳದ್ದೇ ಸಾಲು, ನಾವು ಎಲ್ಲೂ ಇಲ್ಲ. ಸೈಟ್ ಮಾಡಿಕೊಟ್ಟವರು ಎಸ್‌ಇಒ (ಗೂಗಲ್‌ನಲ್ಲಿ ಮೇಲೆ ಬರುವಂತೆ ಮಾಡುವ) ಪ್ಯಾಕೇಜ್ ತಗೊಳ್ಳಿ ಅಂತಿದ್ದಾರೆ: ತಿಂಗಳಿಗೆ 8,000, ಮೂರು ತಿಂಗಳಲ್ಲಿ ಮೊದಲ ಪುಟ ಗ್ಯಾರಂಟಿ. ಕೊಡಬಹುದಾ? ಸೈಟಿನ ಲಿಂಕ್ ಹಾಕಿದ್ದೇನೆ, ನೋಡಿ ಹೇಳಿ.

ಉತ್ತರ (ಸರ್ಚ್ ಕೆಲಸ ಮಾಡುವವರು, ಕುಮಟಾ):
ಈಗಲೇ ಕೊಡಬೇಡಿ. ಮೊದಲ ಸ್ಥಾನಕ್ಕೆ ಯಾರೂ ಗ್ಯಾರಂಟಿ ಕೊಡಲಾರರು ಅಂತ ಗೂಗಲ್ಲೇ ತನ್ನ ಮಾರ್ಗದರ್ಶಿಯಲ್ಲಿ ಬರೆದಿದೆ. ಇಂಥ ಗ್ಯಾರಂಟಿಯಲ್ಲಿ ಎಷ್ಟೋ ಸಲ ನಿಮ್ಮ ಹೋಂಸ್ಟೇ ಹೆಸರನ್ನೇ ಮೊದಲ ಪುಟದಲ್ಲಿ ತೋರಿಸಿ "ಬಂತಲ್ಲ" ಅನ್ನುತ್ತಾರೆ. ಅದು ಈಗಲೂ ಬರುತ್ತಿದೆ!

ತೋಟಕ್ಕೆ ನೀರು ಹೋಗದಿದ್ದರೆ ಪಂಪು ಬದಲಿಸುವ ಮೊದಲು ಪೈಪು ಎಲ್ಲಿ ಒಡೆದಿದೆ ಅಂತ ನೋಡ್ತೀರಲ್ಲ, ಹಾಗೇ ಇಲ್ಲಿ ಸರ್ಚ್ ಕನ್ಸೋಲ್ ನೋಡಬೇಕು. ಗೂಗಲ್‌ನದೇ ಉಚಿತ ಸಾಧನ, 16 ತಿಂಗಳ ಲೆಕ್ಕ ಇಟ್ಟುಕೊಳ್ಳುತ್ತದೆ. ಪರ್ಫಾರ್ಮೆನ್ಸ್ ವರದಿಯಲ್ಲಿ ಜನ ಹುಡುಕಿದ ಪದಗಳ ಪಟ್ಟಿ ಇರುತ್ತದೆ. ಪ್ರತಿ ಪದದ ಎದುರು ನೀವು ಎಷ್ಟು ಸಲ ಕಂಡಿರಿ, ಎಷ್ಟು ಜನ ಒತ್ತಿದರು, ಸರಾಸರಿ ಎಷ್ಟನೇ ಸ್ಥಾನ ಅಂತ ಮೂರು ಅಂಕಿ. "ಯಾಣ ಹೋಂಸ್ಟೇ" ಆ ಪಟ್ಟಿಯಲ್ಲೇ ಇಲ್ಲದಿದ್ದರೆ, ಆ ಮಾತಿಗೆ ಉತ್ತರ ಕೊಡುವ ಪುಟವೇ ನಿಮ್ಮಲ್ಲಿಲ್ಲ. 20, 30ನೇ ಸ್ಥಾನದಲ್ಲಿದ್ದರೆ ಪುಟ ಇದೆ, ತಿರುಳಿಲ್ಲ. ಐದಾರನೇ ಸ್ಥಾನದಲ್ಲಿದ್ದೂ ಯಾರೂ ಒತ್ತದಿದ್ದರೆ ತಪ್ಪು ಟೈಟಲ್‌ನಲ್ಲಿದೆ. ಮೂರಕ್ಕೂ ಮದ್ದು ಬೇರೆ. ಪ್ಯಾಕೇಜಿನವರು ಮೂರಕ್ಕೂ ಒಂದೇ ಕಷಾಯ ಕುಡಿಸುತ್ತಾರೆ.

ನಿಮ್ಮ ಸೈಟ್ ನೋಡಿದೆ. ಮುಖಪುಟದ ಟೈಟಲ್ "ಹೋಮ್" ಅಂತಿದೆ. ಗೂಗಲ್ ಫಲಿತಾಂಶದಲ್ಲಿ ನೀಲಿ ಅಕ್ಷರದಲ್ಲಿ ಕಾಣುವ ಸಾಲು ಹೆಚ್ಚಾಗಿ ಇದೇ. ಅಂಗಡಿಗೆ "ಬಾಗಿಲು" ಅಂತ ಬೋರ್ಡ್ ಹಾಕಿದ ಹಾಗಾಯ್ತು. "ಯಾಣ ಹತ್ತಿರ ಹೋಂಸ್ಟೇ, ಶಿರಸಿ: 4 ಕೋಣೆ, ಮನೆಯೂಟ" ಅಂತ ಮಾಡಿ, ಕೊನೆಗೆ ನಿಮ್ಮ ಹೆಸರು. ಉದ್ದವಾದರೆ ಪರದೆಯಲ್ಲಿ ಬಾಲ ಕತ್ತರಿಸಿಹೋಗುತ್ತದೆ, ಹಾಗಾಗಿ ಮುಖ್ಯ ಮಾತು ಮೊದಲು ಬರಲಿ. ಪ್ರತಿ ಪುಟಕ್ಕೂ ಬೇರೆ ಟೈಟಲ್. ಪುಟದ ಕೋಡಿನಲ್ಲಿ ಅಡಗಿರುವ ಕೀವರ್ಡ್ ಮೆಟಾ ಟ್ಯಾಗ್‌ನಲ್ಲಿ ಐವತ್ತು ಪದ ತುಂಬಿಸಿಟ್ಟಿದ್ದಾರೆ. ರ‍್ಯಾಂಕಿಂಗ್‌ಗೆ ಅದನ್ನು ನೋಡುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಯಾಗಿದೆ.

ಇನ್ನು ಒಳಗಿನ ಬರಹ. "ಪ್ರಕೃತಿಯ ಮಡಿಲಲ್ಲಿ ಮನಸ್ಸಿಗೆ ಮುದ ನೀಡುವ ತಾಣ" ಅಂತ ಒಂದು ಪ್ಯಾರಾ, ಕೆಳಗೆ 24 ಫೋಟೋ. ಆ ಸಾಲನ್ನು ಕೊಡಗಿನ ಹೋಂಸ್ಟೇಗೂ ಅಂಟಿಸಬಹುದು. ಯಾಣದ ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್ ಅನ್ನುವುದೂ ನೂರಾರು ಸೈಟಿನಲ್ಲಿದೆ, ನೀವೂ ನಕಲು ಮಾಡಿದರೆ ಗೂಗಲ್‌ಗೆ ನಿಮ್ಮನ್ನು ಮುಂದೆ ತರಲು ಕಾರಣ ಇಲ್ಲ.

ಒಂದು ವಾರ ಫೋನ್ ಪಕ್ಕ ನೋಟ್‌ಬುಕ್ ಇಡಿ. ಕರೆ ಮಾಡಿದವರು ಕೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಕಾರು ಗೇಟಿನವರೆಗೆ ಬರ್ತದಾ? ಮಳೆಗಾಲದಲ್ಲಿ ಉಂಬಳ ಇರ್ತದಾ? ಯಾವ ಸಿಮ್ ಸಿಗ್ತದೆ? ಡ್ರೈವರ್‌ಗೆ ಮಲಗಲು ಜಾಗ? ಊಟ ಸಸ್ಯಾಹಾರ ಮಾತ್ರವಾ? ವಯಸ್ಸಾದವರು ಯಾಣದಲ್ಲಿ ಎಷ್ಟು ನಡೀಬೇಕು? ಇವೇ ಜನ ಗೂಗಲ್‌ನಲ್ಲಿ ಹೊಡೆಯುವ ಮಾತುಗಳು. ಇವಕ್ಕೆ ನೇರ ಉತ್ತರ ಪುಟದಲ್ಲಿರಲಿ. ದರವನ್ನೂ ಬರೆಯಿರಿ. "ದರಕ್ಕಾಗಿ ಸಂಪರ್ಕಿಸಿ" ಅಂದರೆ ಅರ್ಧ ಜನ ಅಲ್ಲಿಂದಲೇ ಹಿಂದೆ ಹೋಗುತ್ತಾರೆ.

ಪುಟಗಳು ನಾಲ್ಕೈದು ಸಾಕು. ಕೋಣೆ ಮತ್ತು ದರಕ್ಕೆ ಒಂದು. ತಲುಪುವ ದಾರಿಗೆ ಒಂದು: ಶಿರಸಿಗೆ ರೈಲಿಲ್ಲ, ಹತ್ತಿರದ ಕೊಂಕಣ ರೈಲ್ವೆ ನಿಲ್ದಾಣ ಕುಮಟಾ ಅನ್ನುವುದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಶಿರಸಿ ಕಡೆಯಿಂದ ಹೇಗೆ, ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬಂದರೆ ಹೇಗೆ, ಎಲ್ಲಿ ತಿರುಗಬೇಕು, ಕೊನೆಯ ಪೆಟ್ರೋಲ್ ಬಂಕ್ ಎಲ್ಲಿ ಅಂತ ಬರೆಯಿರಿ. ಯಾಣ, ವಿಭೂತಿ ಜಲಪಾತ ಸೇರಿಸಿ ಒಂದು ದಿನದ ಯೋಜನೆಗೆ ಇನ್ನೊಂದು ಪುಟ. ನಿಮ್ಮ ಗೇಟಿನಿಂದ ಎಷ್ಟು ಕಿಲೋಮೀಟರ್, ಎಷ್ಟು ನಿಮಿಷ ಅಂತ ನೀವೇ ಅಳೆದು ಹಾಕಿ. ಮಳೆಗಾಲಕ್ಕೊಂದು. ಊರಿನ ಹೆಸರು ಮಾತ್ರ ಬದಲಿಸಿ ಒಂದೇ ಬರಹದ ನಲವತ್ತು ಪುಟ ಮಾಡಿಕೊಡ್ತೇವೆ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಗೂಗಲ್ ಅದನ್ನು ಸ್ಪ್ಯಾಮ್ ಅಂತಲೇ ಎಣಿಸುತ್ತದೆ.

ಉಪ್ಪಿನಕಾಯಿ, ಹಪ್ಪಳ, ಮೆಣಸಿಗೆ ಬೇರೆ ಬೇರೆ ಪುಟ ಬೇಕು. ತೂಕ, ಬೆಲೆ, ಹಾಕಿದ ಸಾಮಾನು, ಎಷ್ಟು ತಿಂಗಳು ಕೆಡುವುದಿಲ್ಲ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ) ನಂಬರ್, ಬೆಂಗಳೂರಿಗೆ ಎಷ್ಟು ದಿನ. ಮಿಡಿ ಮುಗಿದಾಗ ಪುಟ ಅಳಿಸಬೇಡಿ. "ಈ ವರ್ಷದ್ದು ಮುಗಿದಿದೆ" ಅಂತ ಬರೆದು ಅದೇ ವಿಳಾಸದಲ್ಲಿ ಉಳಿಸಿ. ಪ್ರತಿ ವರ್ಷ ಹೊಸ ಪುಟ ಮಾಡಿದರೆ ಹಳೆಯದು ಗಳಿಸಿದ್ದೆಲ್ಲ ಹೋಗಿ, ಮತ್ತೆ ಮೊದಲಿಂದ.

ಪ್ರಶ್ನೆ (ಅದೇ ಹೋಂಸ್ಟೇಯವರು):
ಬರೆಯೋದು ಸರಿ. ಆದರೆ ಅಷ್ಟು ದೊಡ್ಡ ಬುಕಿಂಗ್ ಸೈಟ್ ಹಿಂದೆ ಹಾಕಲಿಕ್ಕೆ ಆಗ್ತದಾ ಮಾರಾಯ್ರೆ?

ಉತ್ತರ (ಕುಮಟಾ):
"ಯಾಣ ಹೋಂಸ್ಟೇ" ಅನ್ನುವ ಎರಡು ಪದಕ್ಕೆ ಕಷ್ಟ. ಆದರೆ ಆ ಫಲಿತಾಂಶದ ಮೇಲ್ಗಡೆ ಮ್ಯಾಪ್ ಬರುತ್ತದಲ್ಲ, ಅಲ್ಲಿ ಹಿಂದೆ ಹಾಕಬಹುದು. ಮ್ಯಾಪಿನಲ್ಲಿ ಯಾರನ್ನು ತೋರಿಸಬೇಕು ಅನ್ನಲು ಗೂಗಲ್ ಹೇಳುವ ಕಾರಣ ಮೂರು: ಹುಡುಕಿದ್ದಕ್ಕೆ ಎಷ್ಟು ಹೊಂದುತ್ತದೆ, ಎಷ್ಟು ದೂರ, ಎಷ್ಟು ಹೆಸರಾಗಿದೆ. ದೂರ ನಿಮ್ಮ ಕೈಯಲ್ಲಿಲ್ಲ. ಉಳಿದೆರಡು ಗೂಗಲ್ ಮ್ಯಾಪಿನಲ್ಲಿ ಕಾಣುವ ನಿಮ್ಮ ಬಿಸಿನೆಸ್ ಪ್ರೊಫೈಲ್‌ನಲ್ಲಿದೆ.

ನಿಮ್ಮ ಪ್ರೊಫೈಲ್‌ನಲ್ಲಿ ಪಿನ್ ಊರಿನ ನಡುಮಧ್ಯಕ್ಕೆ ಬಿದ್ದಿದೆ, ಮನೆ ಮೇಲೆ ಅಲ್ಲ. ಘಟ್ಟದ ಹಳ್ಳಿಗಳಲ್ಲಿ ಇದು ಸಾಮಾನ್ಯ. ವಿಳಾಸ ಮಾತ್ರ ಕೊಟ್ಟರೆ ಗೂಗಲ್ ಊರಿನ ಹೆಸರು ಹಿಡಿದು ಪಿನ್ ಹಾಕುತ್ತದೆ. ಸ್ಯಾಟಲೈಟ್ ನೋಟ ಇಟ್ಟುಕೊಂಡು ಗೇಟಿನ ಮೇಲೆ ಎಳೆದು ತನ್ನಿ. ಹೆಸರು ಬೋರ್ಡಿನಲ್ಲಿ ಇದ್ದಂತೆಯೇ ಇರಲಿ. "ಯಾಣ ಸಮೀಪ ಅತ್ಯುತ್ತಮ ಹೋಂಸ್ಟೇ" ಅಂತ ಹೆಸರಿಗೆ ಬಾಲ ಅಂಟಿಸುವುದು ನಿಯಮಕ್ಕೆ ವಿರುದ್ಧ, ಪ್ರೊಫೈಲೇ ಅಮಾನತಾಗಬಹುದು. ಫೋನ್ ನಂಬರ್, ವಿಳಾಸ ಸೈಟಿನಲ್ಲಿಯೂ ಅಲ್ಲಿಯೂ ಒಂದೇ ಇರಲಿ.

ವಿಮರ್ಶೆ ಕೇಳಲು ಸಂಕೋಚ ಬೇಡ. ಹೊರಡುವ ದಿನ ಲಿಂಕ್ ವಾಟ್ಸಾಪ್ ಮಾಡಿ, ಅಥವಾ ಕ್ಯೂಆರ್ ಕೋಡ್ ಗೋಡೆಗೆ ಅಂಟಿಸಿ. ವಿಮರ್ಶೆ ಬರೆದವರಿಗೆ ಉಪ್ಪಿನಕಾಯಿ ಬಾಟಲಿ ಉಚಿತ ಅನ್ನಬೇಡಿ. ಉಡುಗೊರೆ ಕೊಟ್ಟು ಬರೆಸುವುದಕ್ಕೆ ನಿಷೇಧವಿದೆ. ಬೈದು ಬರೆದವರಿಗೂ ಎರಡು ಸಾಲು ಸಮಾಧಾನದ ಉತ್ತರ ಕೊಡಿ. ಅದನ್ನು ಹೆಚ್ಚು ಓದುವುದು ಬೈದವರಲ್ಲ, ಮುಂದೆ ಬರುವ ಗಿರಾಕಿ.

ಪ್ರಶ್ನೆ (ಗೋಡಂಬಿ ಅಂಗಡಿ, ಅಂಕೋಲಾ):
ನಡುವೆ ಒಂದು. ಪ್ರೊಫೈಲ್ ಜೊತೆಗೇ ಗೂಗಲ್ ಒಂದು ಪುಕ್ಕಟೆ ವೆಬ್‌ಸೈಟ್ ಕೊಟ್ಟಿತ್ತು. ಅದೇ ವಿಳಾಸ ನಮ್ಮ ಚೀಲದ ಮೇಲೆ ಅಚ್ಚಾಗಿದೆ. ಈಗ ತೆರೆಯುವುದೇ ಇಲ್ಲ.

ಉತ್ತರ (ವೆಬ್ ಡೆವಲಪರ್, ಕಾರವಾರ):
ಆ ಸೈಟುಗಳನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ನಿಲ್ಲಿಸಿತು. 2024ರ ಜೂನ್ 10ರವರೆಗೆ ಆ ವಿಳಾಸ ಒತ್ತಿದವರನ್ನು ಪ್ರೊಫೈಲ್‌ಗೆ ಕಳಿಸುತ್ತಿತ್ತು, ಆಮೇಲೆ ಅದೂ ಇಲ್ಲ. ವಾಪಸ್ ತರುವ ದಾರಿಯಿಲ್ಲ. ನಿಮ್ಮದೇ ಡೊಮೇನ್ (ವೆಬ್ ವಿಳಾಸದ ಹೆಸರು) ತೆಗೆದುಕೊಂಡು ಒಂದೇ ಪುಟವಾದರೂ ಮಾಡಿ, ಪ್ರೊಫೈಲ್‌ನಲ್ಲಿ ಹೊಸ ವಿಳಾಸ ಹಾಕಿ. ಚೀಲ ಖಾಲಿಯಾಗುವ ತನಕ ಸ್ಟಿಕ್ಕರ್.

ಹೋಂಸ್ಟೇಯವರ ಫೋಟೋ ಬಗ್ಗೆ ನಾನು ಹೇಳ್ತೇನೆ, ಅಲ್ಲಿ ದೊಡ್ಡ ತೊಂದರೆ ಇದೆ. ಮೊಬೈಲಿನಲ್ಲಿ ತೆಗೆದದ್ದನ್ನು ಹಾಗೇ ಏರಿಸಿದ್ದಾರೆ, ಒಂದೊಂದು 5 ಎಂಬಿ. 24 ಫೋಟೋ ಅಂದರೆ 120 ಎಂಬಿ. ಸೆಕೆಂಡಿಗೆ 5 ಮೆಗಾಬಿಟ್ ನೆಟ್ ಸಿಕ್ಕರೂ ಪೂರ್ತಿ ಇಳಿಯಲು ಮೂರು ನಿಮಿಷ ದಾಟುತ್ತದೆ. ಘಟ್ಟದಲ್ಲಿ ಬಸ್ಸಿನಲ್ಲಿ ಕೂತು ನೋಡುವವನ ಕತೆ ನೀವೇ ಯೋಚಿಸಿ.

ಅಗಲವನ್ನು 1600 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಅನ್ನುವ ಹಗುರ ಚಿತ್ರ ರೂಪದಲ್ಲಿ ಉಳಿಸಿ, ಗುಣಮಟ್ಟ 75ರ ಸುತ್ತ ಇಡಿ. ಹೆಚ್ಚಿನವು 200 ಕೆಬಿ ಆಸುಪಾಸಿಗೆ ಬರುತ್ತವೆ. ಸ್ಕ್ವೂಷ್ ಅನ್ನುವ ಉಚಿತ ಸಾಧನ ಬ್ರೌಸರ್‌ನಲ್ಲೇ ಈ ಕೆಲಸ ಮಾಡುತ್ತದೆ. ಫೈಲಿನ ಹೆಸರು ಕ್ಯಾಮೆರಾ ಕೊಟ್ಟ ನಂಬರ್ ಆಗಿರುವುದು ಬೇಡ. ಆಲ್ಟ್ ಪಠ್ಯದಲ್ಲಿ (ಚಿತ್ರದ ಬದಲು ಓದಿಸಲು ಕೊಡುವ ವಿವರಣೆ) ಚಿತ್ರದಲ್ಲಿರುವುದನ್ನು ಬರೆಯಿರಿ: "ತೋಟದ ಕಡೆ ಕಿಟಕಿ ಇರುವ ಎರಡು ಮಂಚದ ಕೋಣೆ". ಲೇಜಿ ಲೋಡಿಂಗ್ (ಪುಟ ಸರಿಸಿದಾಗ ಮಾತ್ರ ಚಿತ್ರ ಇಳಿಸುವ ವ್ಯವಸ್ಥೆ) ಕೆಳಗಿನ ಫೋಟೋಗಳಿಗೆ ಮಾತ್ರ. ಮೇಲಿನ ದೊಡ್ಡ ಫೋಟೋಕ್ಕೂ ಅದನ್ನೇ ಹಾಕಿಬಿಟ್ಟರೆ ಅದೇ ಕೊನೆಗೆ ಬಂದು ಪುಟ ನಿಧಾನ ಅನಿಸುತ್ತದೆ. ಐದು ಚಿತ್ರದ ಸ್ಲೈಡರ್, ತಾನಾಗಿ ಓಡುವ ಡ್ರೋನ್ ವಿಡಿಯೋ ಎರಡನ್ನೂ ತೆಗೆಯಿರಿ.

ಗೂಗಲ್ ಅಳತೆಯಲ್ಲಿ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು, ತೆರೆಯುವಾಗ ಪುಟ ಅತ್ತಿತ್ತ ಕುಣಿಯುವ ಅಂಕ 0.1 ದಾಟಬಾರದು. ಚಿತ್ರಕ್ಕೆ ಅಗಲ ಎತ್ತರ ಕೊಡದಿದ್ದರೆ ಆ ಕುಣಿತ ಹೆಚ್ಚಾಗಿ, ಬೆರಳು ತಪ್ಪಾದ ಬಟನ್ ಮೇಲೆ ಬೀಳುತ್ತದೆ. ಪೇಜ್‌ಸ್ಪೀಡ್ ಅನ್ನುವ ಗೂಗಲ್‌ನ ವೇಗ ಪರೀಕ್ಷೆಯಲ್ಲಿ ಮೊಬೈಲ್ ಫಲಿತಾಂಶವನ್ನೇ ನೋಡಿ. ಗೂಗಲ್ ತನ್ನ ಪಟ್ಟಿಗೆ ಸೇರಿಸುವುದೂ (ಇಂಡೆಕ್ಸ್) ಮೊಬೈಲ್ ರೂಪವನ್ನೇ. ನೂರಕ್ಕೆ ನೂರು ಅಂಕ ತರುವ ಹುಚ್ಚು ಬೇಡ. ಬರಹವಿಲ್ಲದ ಪುಟ ಎಷ್ಟು ಬೇಗ ತೆರೆದರೂ ಅಷ್ಟೇ.

ಪ್ರಶ್ನೆ (ಅದೇ ಹೋಂಸ್ಟೇಯವರು):
ಕನ್ನಡ ಪುಟಾನೂ ಇದೆ ಸರ್. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಕೊಟ್ಟಿದ್ದೆವು. ಸೈಟಿನಲ್ಲಿ ಚಂದ ಕಾಣ್ತದೆ, ಗೂಗಲ್‌ನಲ್ಲಿ ಮಾತ್ರ ವಿಚಿತ್ರ ಅಕ್ಷರ. ಎಂತಕ್ಕೆ?

ಉತ್ತರ (ವೆಬ್ ಡೆವಲಪರ್, ಕಾರವಾರ):
ಅದು ಯೂನಿಕೋಡ್ (ಎಲ್ಲ ಸಾಧನಗಳೂ ಓದುವ ಅಕ್ಷರ ಸಂಕೇತ) ಅಲ್ಲ, ಹಳೆಯ ಆಸ್ಕಿ ಫಾಂಟು. ಒಳಗಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳು, ಮೇಲೆ ಕನ್ನಡದ ವೇಷ. ಗೂಗಲ್ ವೇಷ ನೋಡುವುದಿಲ್ಲ. ಪರೀಕ್ಷೆ ಸುಲಭ: ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಅಂಟಿಸಿ. ಅಲ್ಲೂ ಕನ್ನಡವೇ ಬಂದರೆ ಸರಿ. ಇಲ್ಲದಿದ್ದರೆ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಸಿ, ಆಮೇಲೆ ಕಣ್ಣಿಟ್ಟು ಓದಿ. ಅರ್ಕಾವತ್ತು ಜಾಗ ಬದಲಿಸುತ್ತದೆ, ಒತ್ತಕ್ಷರ ಕಳಚಿಕೊಳ್ಳುತ್ತದೆ. ಪೋಸ್ಟರ್ ಚಿತ್ರದೊಳಗೆ ಬರೆದ ದರಪಟ್ಟಿಯನ್ನೂ ಪಠ್ಯವಾಗಿಯೇ ಪುಟದಲ್ಲಿ ಹಾಕಿ.

ಕನ್ನಡ, ಇಂಗ್ಲಿಷ್ ಪುಟಗಳಿಗೆ ಬೇರೆ ಬೇರೆ ವಿಳಾಸ ಇರಲಿ, ಎರಡರಲ್ಲೂ ಪರಸ್ಪರ ಎಚ್‌ರೆಫ್‌ಲ್ಯಾಂಗ್ (ಈ ಪುಟದ ಇನ್ನೊಂದು ಭಾಷೆಯ ರೂಪ ಎಲ್ಲಿದೆ ಅನ್ನುವ) ಸೂಚನೆ ಹಾಕಿಸಿ. ಒಂದರಲ್ಲಿ ಮಾತ್ರ ಹಾಕಿದರೆ ಗೂಗಲ್ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಟನ್ ಒತ್ತಿದಾಗ ಬ್ರೌಸರ್‌ನಲ್ಲೇ ಅನುವಾದ ಮಾಡುವ ವಿಜೆಟ್ ಸರ್ಚ್‌ಗೆ ಉಪಯೋಗಕ್ಕಿಲ್ಲ. ಪುಟದ ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರಲಿ. ಕನ್ನಡದ್ದಾದರೆ ಹಂಚುವಾಗ ಶೇಕಡಾ ಚಿಹ್ನೆಗಳ ರೈಲುಗಾಡಿ ಆಗುತ್ತದೆ. ಇನ್ನೊಂದು: ಜನ ಶಿರಸಿ ಅಂತಲೂ ಬರೀತಾರೆ, ಸಿರ್ಸಿ ಅಂತಲೂ. ಉತ್ತರ ಪ್ರದೇಶದಲ್ಲೂ ಒಂದು ಸಿರ್ಸಿ ಇದೆ. ಹಾಗಾಗಿ ಪುಟದಲ್ಲಿ ಎರಡೂ ರೂಪ ಸಹಜವಾಗಿ ಬರಲಿ, ಜೊತೆಗೆ "ಉತ್ತರ ಕನ್ನಡ, ಕರ್ನಾಟಕ" ಕಡ್ಡಾಯ.

ಪ್ರಶ್ನೆ (ಪೀಠೋಪಕರಣ ಅಂಗಡಿ, ಕಾರವಾರ):
ನಮ್ಮದು ಉಲ್ಟಾ. ಮೊದಲು ಬರ್ತಾ ಇತ್ತು. ಹೊಸ ವಿನ್ಯಾಸ ಮಾಡಿಸಿದ ಮೇಲೆ ಪೂರ್ತಿ ಮಾಯ.

ಉತ್ತರ (ವೆಬ್ ಡೆವಲಪರ್, ಕಾರವಾರ):
ವರ್ಡ್‌ಪ್ರೆಸ್ ಆದರೆ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ತೆರೆಯಿರಿ. ಸರ್ಚ್ ಎಂಜಿನ್‌ಗಳು ಬರಬೇಡಿ ಅನ್ನುವ ಒಂದು ಚೌಕ ಕೊನೆಯಲ್ಲಿದೆ. ಕೆಲಸ ನಡೆಯುವಾಗ ಟಿಕ್ ಹಾಕಿ, ಮುಗಿದ ಮೇಲೆ ತೆಗೆಯಲು ಮರೆತಿರುತ್ತಾರೆ. ಅದು ಸರಿಯಿದ್ದರೆ ಹಳೆಯ ಪುಟಗಳ ವಿಳಾಸ ಬದಲಾಗಿ 404 (ಪುಟ ಸಿಗಲಿಲ್ಲ) ಬರುತ್ತಿರಬೇಕು. ಪ್ರತಿ ಹಳೆ ವಿಳಾಸದಿಂದ ಅದಕ್ಕೆ ಹೊಂದುವ ಹೊಸ ಪುಟಕ್ಕೇ 301 (ಶಾಶ್ವತವಾಗಿ ಅಲ್ಲಿಗೆ ಕಳಿಸುವ ಸೂಚನೆ) ಹಾಕಿಸಿ. ಎಲ್ಲವನ್ನೂ ಮುಖಪುಟಕ್ಕೆ ತಳ್ಳಿದರೆ ಗೂಗಲ್ "ಈ ಪುಟ ಇಲ್ಲ" ಅಂತಲೇ ತಿಳಿಯುತ್ತದೆ. ಕನಿಷ್ಠ ಒಂದು ವರ್ಷ ಆ 301 ತೆಗೆಯಬೇಡಿ.

ಪ್ರಶ್ನೆ (ಅದೇ ಹೋಂಸ್ಟೇಯವರು):
ಇದೆಲ್ಲ ಮಾಡಿದರೆ ಎಷ್ಟು ದಿನಕ್ಕೆ ಗೊತ್ತಾಗ್ತದೆ? ಆ ಪ್ಯಾಕೇಜಿನವರಿಗೆ ಎಂತ ಹೇಳುದು?

ಉತ್ತರ (ಕುಮಟಾ):
ಟೈಟಲ್ ಬದಲಾದದ್ದು ಕೆಲವೇ ದಿನಗಳಲ್ಲಿ ಕಂಡೀತು. ಸರ್ಚ್ ಕನ್ಸೋಲ್‌ನಲ್ಲಿ ಆ ವಿಳಾಸ ಹಾಕಿ ಇಂಡೆಕ್ಸಿಂಗ್ ಕೋರಿಕೆ ಕಳಿಸಿ. ಸ್ಥಾನ ಏರಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಡಿಸೆಂಬರನ್ನು ಜುಲೈ ಜೊತೆ ಹೋಲಿಸಿ ಖುಷಿಪಡಬೇಡಿ, ಅದು ಸೀಸನ್ನಿನ ಕೆಲಸ. ಕಳೆದ ವರ್ಷದ ಅದೇ ತಿಂಗಳ ಜೊತೆ ಹೋಲಿಸಿ.

ಪ್ಯಾಕೇಜಿನವರಿಗೆ ಮೂರು ಪ್ರಶ್ನೆ ಕೇಳಿ. ಈ ತಿಂಗಳು ಯಾವ ಪುಟ ಬರೆದುಕೊಡ್ತೀರಿ? ಬೇರೆ ಸೈಟುಗಳಿಂದ ಲಿಂಕ್ ತರುವುದಾದರೆ ಯಾವ ಸೈಟು, ದುಡ್ಡು ಕೊಟ್ಟೋ ಹಾಗೆಯೋ? ದುಡ್ಡು ಕೊಟ್ಟು ತಂದ ಲಿಂಕ್ ಸ್ಪ್ಯಾಮ್ ನಿಯಮದಡಿ ಬರುತ್ತದೆ. ಮೂರನೆಯದು, ಡೊಮೇನ್ ಯಾರ ಇಮೇಲ್‌ನಲ್ಲಿ ನೋಂದಣಿಯಾಗಿದೆ? ಈಗ ನೋಡಿದೆ, ನಿಮ್ಮ ಸೈಟಿನ ಕೆಳಗೆ ಸಂಪರ್ಕದ ಇಮೇಲ್ ಕೂಡ ಅವರದೇ ಇದೆ. ಉಳಿದದ್ದೆಲ್ಲ ನಾಳೆ ಮಾಡಿ. ಇವತ್ತು ಡೊಮೇನ್ ಖಾತೆ, ಹೋಸ್ಟಿಂಗ್ ಪಾಸ್‌ವರ್ಡ್, ಸರ್ಚ್ ಕನ್ಸೋಲ್ ಮಾಲೀಕತ್ವ ಮೂರನ್ನೂ ನಿಮ್ಮ ಹೆಸರಿಗೆ ಬರೆಸಿಕೊಳ್ಳಿ, ನವೀಕರಣದ ತಾರೀಕನ್ನು ಕ್ಯಾಲೆಂಡರ್ ಮೇಲೆ ಗುರುತು ಹಾಕಿ.