ಅಪ್‌ಡೇಟ್: ರಿಯಾಲಕ್‌ಗೆ ಸೊನ್ನೆ ಕೊಟ್ಟಾಗಿನ ಡಬಲ್ ಫ್ರೀ, ಕಾರಣ ಸಿಕ್ಕಿತು

ಪ್ರಶ್ನೆ ಇದಾಗಿತ್ತು: ಪಟ್ಟಿಯಲ್ಲಿ ಉಳಿದ ಕೊನೆಯ ಅಂಶ ತೆಗೆದೊಡನೆ ಸಿ ಭಾಷೆಯ ಪ್ರೋಗ್ರಾಂ ‘ಡಬಲ್ ಫ್ರೀ’ (ಒಂದೇ ಮೆಮೊರಿಯನ್ನು ಎರಡು ಸಲ ಬಿಡುಗಡೆ ಮಾಡುವ ದೋಷ) ಎಂದು ಕುಸಿಯುವುದೇಕೆ?

ಪಟ್ಟಿ ಖಾಲಿಯಾಗಿ ಗಾತ್ರ 0 ಆದಾಗ ಗ್ನೂ ಸಿ ಲೈಬ್ರರಿಯ ರಿಯಾಲಕ್ (ಮೆಮೊರಿ ಬ್ಲಾಕಿನ ಗಾತ್ರ ಬದಲಿಸುವ ಫಂಕ್ಷನ್) ಹಳೆಯ ಬ್ಲಾಕನ್ನು ಬಿಡುಗಡೆ ಮಾಡಿ ನಲ್ (ಏನನ್ನೂ ತೋರಿಸದ ಖಾಲಿ ವಿಳಾಸ) ಕೊಡುತ್ತದೆ. ಕೋಡ್ ಆ ನಲ್ ಅನ್ನು ‘ಮೆಮೊರಿ ಸಾಲದು’ ಎಂದು ತಿಳಿದು ಹಳೆಯ ಬ್ಲಾಕಿನ ಪಾಯಿಂಟರನ್ನು (ವಿಳಾಸವನ್ನು) ಮತ್ತೆ ಫ್ರೀ, ಅಂದರೆ ಬಿಡುಗಡೆ, ಮಾಡುತ್ತಿತ್ತು. ಸಿ ಭಾಷೆಯ ಮಾನದಂಡವಾದ ಸಿ23ರಲ್ಲಂತೂ ರಿಯಾಲಕ್‌ಗೆ 0 ಕೊಡುವುದೇ ಅನ್‌ಡಿಫೈನ್ಡ್ ಬಿಹೇವಿಯರ್, ಅಂದರೆ ಏನಾಗುತ್ತದೆಂಬ ಖಾತರಿಯೇ ಇಲ್ಲ. ಯಾವ ಲೈಬ್ರರಿಯನ್ನೂ ನಂಬಿ ಕೂರುವಂತಿಲ್ಲ.

ಹೊಸ ಮೆಮೊರಿ ಕೇಳುವ ಫಂಕ್ಷನ್ ಮ್ಯಾಲಕ್‌ಗೆ 0 ಕೊಡುವುದು ಬೇರೆ ವಿಷಯ: ನಲ್ ಬರಬಹುದು, ಇಲ್ಲವೇ ಫ್ರೀ ಮಾಡಬಹುದಾದ, ಆದರೆ ಓದಲೂ ಬರೆಯಲೂ ಬಾರದ ವಿಳಾಸ. ಇದೇ ಲೈಬ್ರರಿ 64 ಬಿಟ್ ಲಿನಕ್ಸ್‌ನಲ್ಲಿ ಅದಕ್ಕೂ 32 ಬೈಟ್ ತೆಗೆದಿಡುತ್ತದೆ.

ಈಗಿನ ಪರಿಹಾರ: ರಿಯಾಲಕ್‌ಗೆ ಮುಂಚೆಯೇ ಗಾತ್ರ ನೋಡಿ, 0 ಇದ್ದರೆ ಫ್ರೀ ಮಾಡಿ ಪಾಯಿಂಟರನ್ನು ನಲ್, ಪಟ್ಟಿಯ ಸಾಮರ್ಥ್ಯವನ್ನು 0 ಮಾಡುವುದು. ‘0 ಬದಲು 1 ಬೈಟ್’ ಸೂತ್ರವೂ ನಡೆಯುತ್ತದೆ. ಆದರೆ ಗಾತ್ರ ಲೆಕ್ಕ ಹಾಕುವ ಗುಣಾಕಾರದ ಓವರ್‌ಫ್ಲೋದಿಂದ (ಉತ್ತರ ಮಿತಿ ಮೀರುವುದರಿಂದ) 0 ಬಂದಿದ್ದರೆ ಅದು ದೋಷವನ್ನೇ ಮುಚ್ಚಿಬಿಡುತ್ತದೆ.